ಗೋಡೆ ಮೇಲಿನ ರಾಗಿಹೊಲ

ಗೋವಿಂದಮ್ಮನ ಹೊಲದ ಬದುವಿನಲ್ಲಿ ಕಂಬ ನೆಟ್ಟು ಕ್ಯಾಮೆರಾ ಕಟ್ಟಿದವಳು ಸುಷ್ಮಾ. ಹೊಸೂರಿನ ಆಲಸನತ್ತಂನಲ್ಲಿ ಬೆಳೆದ ಹುಡುಗಿ. ಚಿತ್ರಕಲೆ ಓದಿ, ಈಗ ಬಣ್ಣ ಕುಂಚ ಬದಿಗಿಟ್ಟು ವಿಡಿಯೋದಲ್ಲೇ ಕಲೆ ಮಾಡುತ್ತಿದ್ದಳು. ಬೆಂಗಳೂರಿನ ಕಲಾ ಮ್ಯೂಸಿಯಮ್ಮೊಂದು ಅವಳಿಗೆ ಒಂದು ಕೋಣೆ ಕೊಟ್ಟಿತ್ತು. ಗಡಿಯಾಚೆ ತಮಿಳುನಾಡಿನ ಡೆಂಕಣಿಕೋಟೆ ಪಕ್ಕದ ಈ ರಾಗಿಹೊಲ ಬಿತ್ತನೆಯಿಂದ ಕೊಯ್ಲಿನವರೆಗೂ ಆ ಕೋಣೆಯ ಗೋಡೆ ಮೇಲೆ ನೇರವಾಗಿ ಕಾಣುತ್ತಿರಬೇಕು, ಇದು ಅವಳ ಆಸೆ.

"ರಾಗಿ ಬೆಳೆಯೋದ್ನ ಟಿಕೆಟ್ ತಗಂಡು ನೋಡ್ತಾರಾ?" ಎಂದಳು ಗೋವಿಂದಮ್ಮ.

"ನೋಡ್ತಾರಕ್ಕಾ. ಎಷ್ಟೋ ಜನ ರಾಗಿ ಪೈರನ್ನೇ ಕಂಡಿಲ್ಲ."

"ಹಂಗಾರೆ ಹುಲ್ಲು ಅಂದ್ಕಂಡಾರು. ಮೊದ್ಲೇ ಹೇಳ್ಬುಡವ್ವ."

ಗಂಡ ತಿಮ್ಮರಾಯಪ್ಪ ಮಾತು ಕಡಿಮೆಯ ಮನುಷ್ಯ. ಕಂಬವನ್ನು ಒಮ್ಮೆ ಅಲ್ಲಾಡಿಸಿ ನೋಡಿ, "ಆನೆ ಬಂದ್ರೆ ಇದೂ ಹೋಯ್ತದೆ," ಎಂದಷ್ಟೇ ಹೇಳಿ ಎಮ್ಮೆ ಹೊಡೆದುಕೊಂಡು ಹೋದ.

ಪೈರು ಗೇಣುದ್ದ ಬರುವ ಹೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಕಳೆ ಕೀಳಲು ಕರೆದರೆ ನೂರು ನೆಪ ಹೇಳುತ್ತಿದ್ದ ಪಕ್ಕದ ಮನೆ ಕೊಂಡಮ್ಮ ಕರೆಯದೆಯೇ ಬಂದಳು. ಅದೂ ತಂಗಿ ಮಗಳ ಮದುವೆಗೆ ತೆಗೆದಿದ್ದ ಗುಲಾಬಿ ಸೀರೆಯಲ್ಲಿ.

"ಏನೇ ಇದು, ಕೆಸರಿಗೆ ಹೊಸಾ ಸೀರೆ?"

"ಬೆಂಗ್ಳೂರೋರು ನೋಡ್ತಾರಲ್ಲಮ್ಮೀ. ಹಳೇದು ಉಟ್ಕಂಡ್ರೆ ನಮ್ಮೂರ ಮರ್ವಾದೆ ಏನಾಗ್ಬೇಕು?"

ಒಂದು ದಿನ ಸುಷ್ಮಾ ಫೋನ್ ಮಾಡಿ, ಮ್ಯೂಸಿಯಮ್ಮಿಗೆ ಬಂದು ನಿಮ್ಮ ಹೊಲ ನೀವೇ ನೋಡಿ ಎಂದು ಕರೆದಳು. ತಿಮ್ಮರಾಯಪ್ಪ ಬರಲೊಪ್ಪಲಿಲ್ಲ. "ಕಳೆ ಯಾರ್ ಕೀಳ್ತಾರೆ? ನೀವ್ ಹೋಗ್ಬನ್ನಿ," ಎಂದ. ಗೋವಿಂದಮ್ಮ, ಕೊಂಡಮ್ಮ ಇಬ್ಬರೂ ಬೆಳಗಿನ ಬಸ್ ಹತ್ತಿದರು.

ಕತ್ತಲ ಕೋಣೆ. ಎದುರಿನ ಗೋಡೆ ತುಂಬ ಹೊಲ. ಗೋವಿಂದಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ದಿನಾ ಬಗ್ಗಿ ನೋಡುವ ಹೊಲವನ್ನು ಹೀಗೆ ತಲೆಯೆತ್ತಿ ನೋಡಿದ್ದೇ ಇಲ್ಲ. ಗಾಳಿ ಬೀಸಿದಾಗ ಪೈರು ಆ ತುದಿಯಿಂದ ಈ ತುದಿಗೆ ಒಮ್ಮೆಗೇ ಬಾಗಿ ಏಳುತ್ತಿತ್ತು. ಬೆಂಚಿನ ಮೇಲೆ ಹತ್ತಾರು ಜನ ಸದ್ದಿಲ್ಲದೆ ಕೂತಿದ್ದರು. "ಎಷ್ಟ್ ಚೆಂದಾಗೈತೆ ಕಣೇ," ಎಂದಳು ಮೆಲ್ಲಗೆ.

ಕೊಂಡಮ್ಮ ಮೊಣಕೈಯಿಂದ ತಿವಿದಳು. "ಅಲ್ನೋಡು. ಹೊಂಗೆ ಮರದ್ ಕೆಳಗೆ."

ಗೋಡೆಯ ಬಲಮೂಲೆಯಲ್ಲಿ, ಹೊಂಗೆ ಮರದ ನೆರಳಲ್ಲಿ, ತಿಮ್ಮರಾಯಪ್ಪ ತಲೆ ಕೆಳಗೆ ಟವೆಲು ಮಡಿಚಿಟ್ಟುಕೊಂಡು ಕಾಲ ಮೇಲೆ ಕಾಲು ಹಾಕಿ ಮಲಗಿದ್ದ.

ಗೋವಿಂದಮ್ಮ ಗಂಡನಿಗೆ ಫೋನ್ ಮಾಡಿದಳು. ಗೋಡೆ ಮೇಲಿನ ತಿಮ್ಮರಾಯಪ್ಪ ಮಲಗಿದಲ್ಲೇ ಜೇಬು ತಡಕಿದ.

"ಏನ್ ಮಾಡ್ತಿದ್ದೀಯಯ್ಯಾ?"

"ಕಳೆ ಕೀಳ್ತಾವ್ನಿ ಕಣಮ್ಮಿ. ಸೊಂಟ ಬಿದ್ದೋಗ್ತೈತೆ."

"ಹೊಂಗೆ ಮರದ್ ಕೆಳಗೆ ಯಾವ್ ಕಳೆ ಬೆಳ್ದೈತೆ?"

ಗೋಡೆ ಮೇಲೆ ಅವನು ದಡಬಡಿಸಿ ಎದ್ದು ಕೂತ. ಹಿಂದೆ ನೋಡಿದ, ಮರದ ಮೇಲೆ ನೋಡಿದ, ಬೇಲಿಯಾಚೆ ಇಣುಕಿದ. ಕೊನೆಗೆ ಕಂಬದ ಕಡೆ ತಿರುಗಿ, ನಾಲಗೆ ಕಚ್ಚಿಕೊಂಡು ಟವೆಲಿನಿಂದ ಮುಖ ಮುಚ್ಚಿಕೊಂಡ. ಕೋಣೆಯೆಲ್ಲ ಘೊಳ್ಳೆಂದಿತು. ಅವನು ಟವೆಲನ್ನು ತಲೆಗೆ ಸುತ್ತಿ, ನೇರ ಹೊಲದೊಳಗೆ ನಡೆದು, ಕ್ಯಾಮೆರಾದ ಎದುರಿಗೇ ಕೂತು ಕಳೆ ಕೀಳತೊಡಗಿದಾಗ ಬೆಂಚಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಸಂಜೆ ಮನೆಗೆ ಬಂದ ಗೋವಿಂದಮ್ಮ, ಗಂಡ ಮುನಿಸಿಕೊಂಡಿರುತ್ತಾನೆ ಎಂದುಕೊಂಡಿದ್ದಳು. ಅವನು ಮುದ್ದೆ ಮುರಿಯುತ್ತ, "ನಕ್ಕಿದ್ದು ಯಾರ್ಯಾರು?" ಎಂದ.

"ತುಂಬ ಜನ. ಚಪ್ಪಾಳೆನೂ ಹೊಡೆದ್ರು."

"ಹೂಂ. ಅವ್ರಿಗೆ ನಾನು ಕಂಡೆ. ನಂಗೆ ಅವ್ರು ಯಾರೂ ಕಾಣ್ಲಿಲ್ವಲ್ಲ."

ಈ ಮಾತು ಗೋವಿಂದಮ್ಮನ ಮನಸ್ಸಿನಲ್ಲಿ ಕೂತಿತು. ಮಾರನೆ ದಿನವೇ ಸುಷ್ಮಾಳಿಗೆ ಫೋನ್ ಮಾಡಿದಳು. "ನೋಡು ತಾಯಿ, ನಮ್ ಹೊಲ ನೀವ್ ನೋಡ್ತೀರಿ. ನಿಮ್ದು ನಮ್ಗೆ ಏನ್ ತೋರುಸ್ತೀರಿ? ಪಾಯಸ ಕೊಟ್ಟ ಪಾತ್ರೆನ ಯಾರಾದ್ರೂ ಬರಿದಾಗಿ ವಾಪಸ್ ಕೊಡ್ತಾರಾ?"

ಸುಷ್ಮಾ ನಗುತ್ತ, "ಇದು ನಂಗೇ ಹೊಳೀಬೇಕಿತ್ತಕ್ಕಾ," ಎಂದಳು.

ಮ್ಯೂಸಿಯಮ್ಮಿನವರು ಒಪ್ಪಿದರು. ಊರ ಹಾಲಿನ ಡೈರಿಯ ಗೋಡೆಗೆ ಒಂದು ದೊಡ್ಡ ಪರದೆ, ಇವರೂ ಅವರಿಗೆ ಕಾಣಲೆಂದು ಅದರ ಮೇಲೊಂದು ಕ್ಯಾಮೆರಾ ಬಂದವು. ಭಾನುವಾರ ಸಂಜೆ ಮೊದಲು ಮ್ಯೂಸಿಯಮ್ಮಿನ ಕೋಣೆ ನೇರವಾಗಿ ಕಾಣುವುದು, ಆಮೇಲೆ ಒಂದೊಂದು ವಾರ ಒಬ್ಬೊಬ್ಬ ಕಲಾವಿದರ ವಿಡಿಯೋ, ಕೊನೆಗೆ ಕನ್ನಡದಲ್ಲೇ ಮಾತುಕತೆ.

ಮೊದಲ ಭಾನುವಾರ ತಿಮ್ಮರಾಯಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದೆಯೇ ಕೂತ. ಪರದೆಯಲ್ಲಿ ಮ್ಯೂಸಿಯಮ್ಮಿನ ಜನ ಇವರತ್ತ ಕೈ ಬೀಸಿದರು. ಅವನೂ ಎದ್ದು ನಿಂತು ಎರಡೂ ಕೈ ಎತ್ತಿ ಮುಗಿದ. "ಓಹೋ, ಇವ್ರೇನಾ," ಎಂದು ಒಬ್ಬೊಬ್ಬರನ್ನೂ ದಿಟ್ಟಿಸಿದ. ಕನ್ನಡಕದ ಮುದುಕರೊಬ್ಬರು "ಕಳೆ ಮುಗೀತಾ ಯಜಮಾನ್ರೇ?" ಎಂದಾಗ ಡೈರಿ ಹಾರಿಹೋಗುವಂತೆ ಎಲ್ಲರೂ ನಕ್ಕರು, ಅವನೂ ನಕ್ಕ.

ಆಮೇಲೆ ವಿಡಿಯೋ ಶುರುವಾಯಿತು. ಬಿಸಿಲಲ್ಲಿ, ಸಂತೆ ಬೀದಿಯ ನಡುವೆ, ಕುರ್ಚಿ ಆಕಾರದ ಒಂದು ಮಂಜುಗಡ್ಡೆ. ಅಷ್ಟೇ. ಜನ ಬರುತ್ತಾರೆ, ಮುಟ್ಟುತ್ತಾರೆ, ಹೋಗುತ್ತಾರೆ.

"ಇದ್ರಾಗೆ ಏನೈತೆ?" ಎಂದಿತು ಹಿಂದಿನಿಂದ ಒಂದು ದನಿ.

"ಸುಮ್ಕಿರ್ರೋ, ಮುಂದಿನ್ ಕಾಲು ಸಣ್ಣ ಆಗ್ತೈತೆ," ಎಂದಳು ಕೊಂಡಮ್ಮ.

"ಹಿಂದಿನ್ದೇ ಮೊದ್ಲು ಮುರಿಯೋದು. ಬಿಸ್ಲು ಆ ಕಡೇದು," ಎಂದ ತಿಮ್ಮರಾಯಪ್ಪ.

ಅಲ್ಲಿಗೆ ಡೈರಿ ಎರಡು ಪಕ್ಷವಾಯಿತು. ಹಾಲಿನ ವ್ಯಾನು ಬಂದು ಹಾರ್ನ್ ಹೊಡೆಯಿತು. ಯಾರೂ ಅಲುಗಲಿಲ್ಲ. ಬೈಯಲೆಂದು ಒಳಗೆ ಬಂದ ಡ್ರೈವರ್ ಯುವರಾಜ್ ಪರದೆ ನೋಡಿ, "ಎನ್ನಾ ಇದು?" ಎಂದು ತಮಿಳಿನಲ್ಲೇ ಕೇಳಿದವನು ಗೋವಿಂದಮ್ಮ ಸರಿದು ಜಾಗ ಕೊಟ್ಟಾಗ ಅವಳ ಪಕ್ಕದಲ್ಲೇ ಕೂತುಬಿಟ್ಟ. ಮುರಿದದ್ದು ಮುಂದಿನ ಕಾಲೇ. ಕೊಂಡಮ್ಮನ ಕೇಕೆ ರಸ್ತೆಯವರೆಗೂ ಕೇಳಿಸಿತು.