ಬಿಸಿ ಸೋರುವ ಜಾಗ

ಆ ಗೀಸರ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ವಿನ್ಯಾಸದ ಇಂಜಿನಿಯರ್ ಆಗಿ ಕೆಲಸಕ್ಕೆ ಸೇರಿ, ಆಮೇಲೆ ಮಾಲೀಕರ ಮನೆಗೇ ಹಿರಿಯ ಸೊಸೆಯಾಗಿ ಬಂದವಳು. ಅಳೆದು ನೋಡದೆ ಯಾವ ಮಾತನ್ನೂ ಒಪ್ಪುವವಳಲ್ಲ. ಮಾರಾಟ ನೋಡಿಕೊಳ್ಳುತ್ತಿದ್ದ ಅವಳ ಮೈದುನ ಇದಕ್ಕೆ ತದ್ವಿರುದ್ಧ. ಮಾತಿನಲ್ಲೇ ಮಂಟಪ ಕಟ್ಟುತ್ತಿದ್ದ.

ಕರೆಂಟು ಉಣ್ಣುವ ಉಪಕರಣಗಳಿಗೆಲ್ಲ ಸರ್ಕಾರ ಹೊಸ ನಿಯಮ ತಂದಿತು. ಕಾಯಿಸಿಟ್ಟ ನೀರು ಸುಮ್ಮನೆ ನಿಂತಿರುವಾಗ ಗೀಸರಿನಿಂದ ಸೋರಿಹೋಗುವ ಶಾಖ ಒಂದು ಮಿತಿಯೊಳಗಿರಬೇಕು. ಕೆಟ್ಟರೆ ಬಿಚ್ಚಿ ರಿಪೇರಿ ಮಾಡುವಂತಿರಬೇಕು. ಇಲ್ಲದಿದ್ದರೆ ಮಾರುವಂತಿಲ್ಲ.

ಅವರಲ್ಲಿ ಬಿಸಿಬಿಸಿಯಾಗಿ ಖರ್ಚಾಗುತ್ತಿದ್ದ ಮಾದರಿ ತೆಳ್ಳಗೆ ಉದ್ದಕ್ಕಿತ್ತು. ಕೆಲಸಗಾರರು ಅದಕ್ಕೆ ಬಳುಕಿ ಎಂದು ಹೆಸರಿಟ್ಟಿದ್ದರು. ಶಾಖ ಹೊರಹೋಗದಂತೆ ಬಳುಕಿಯ ಮೈಗೆ ಸುತ್ತಿದ ಫೋಮೂ ತೆಳುವೇ. ಪರೀಕ್ಷೆಗೆ ಒಡ್ಡಿದರೆ ಸೋರಿಕೆ ಮಿತಿ ದಾಟಿ ಬಹಳ ಮುಂದೆ ಹೋಯಿತು.

"ಅತ್ತಿಗೆ, ದಪ್ಪ ಫೋಮ್ ಸುತ್ತಿದ್ರೆ ಬಳುಕಿ ಡ್ರಮ್ ಆಗ್ಬಿಡ್ತಾಳೆ. ಡ್ರಮ್ಮನ್ನ ಯಾರು ಬಚ್ಚಲಮನೆ ಗೋಡೆಗೆ ನೇತುಹಾಕ್ಕೋತಾರೆ?" ಎಂದ ಮೈದುನ.

"ದಪ್ಪ ಮಾಡ್ತೀನಿ ಅಂತ ನಾನು ಅಂದ್ನಾ?"

"ಮತ್ತೆ?"

"ಮೊದಲು ಎಲ್ಲಿ ಸೋರ್ತಿದೆ ಅಂತ ನೋಡೋಣ. ಅಳೋದಿದ್ರೆ ಆಮೇಲೆ ಅಳು."

ಅವನು ಅಳಲಿಲ್ಲ, ಆದರೆ ಕಾಯಲೂ ಇಲ್ಲ. ಈ ಮಿತಿ ಮುಟ್ಟುವುದು ಯಾರಿಂದಲೂ ಸಾಧ್ಯವಿಲ್ಲ, ನಿಯಮವನ್ನು ಮುಂದಕ್ಕೆ ಹಾಕಿ ಎಂದು ತಯಾರಕರ ಸಂಘ ಬರೆದ ಅರ್ಜಿಗೆ ಅತ್ತಿಗೆಯನ್ನು ಕೇಳದೆಯೇ ರುಜು ಹಾಕಿ ಬಂದ. ವಿಷಯ ಊಟದ ಹೊತ್ತಿಗೆ ಗೊತ್ತಾಯಿತು.

"ಯಾರಿಂದಲೂ ಅಂದ್ರೆ ನನ್ನಿಂದಲೂ ಅಂತ ಆಯ್ತಲ್ಲ," ಎಂದಳು. ಕೈ ತೊಳೆದು ಪರೀಕ್ಷೆಯ ಕೋಣೆಗೆ ನಡೆದಳು.

ಅಲ್ಲಿ ಶಾಖವನ್ನು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ಇತ್ತು. ಬಳುಕಿಯನ್ನು ಕಾಯಿಸಿ ಸುತ್ತಲೂ ಹಿಡಿದು ನೋಡಿದಳು. ಮೈಯೆಲ್ಲ ನೀಲಿ, ಅಂದರೆ ಅಲ್ಲಿ ಅಷ್ಟೇನೂ ಸೋರಿಕೆಯಿಲ್ಲ. ಬೆನ್ನಿನ ಕಡೆ ತಿರುಗಿಸಿದರೆ, ಗೋಡೆಗೆ ನೇತುಹಾಕುವ ಎರಡು ಕಬ್ಬಿಣದ ಪಟ್ಟಿಗಳು ಕೆಂಡದ ಹಾಗೆ ಕಂಡವು. ನೆತ್ತಿಯಿಂದ ಹೊರಡುವ ಬಿಸಿನೀರಿನ ಕೊಳವೆಯೂ ಹಾಗೆಯೇ. ಪಟ್ಟಿಗಳನ್ನು ಟ್ಯಾಂಕಿಗೇ ಬೆಸುಗೆ ಹಾಕಿದ್ದರಿಂದ ಒಳಗಿನ ಶಾಖ ಅವುಗಳ ಮೂಲಕ ಗೋಡೆಗೆ ಹರಿಯುತ್ತಿತ್ತು. ಊರಿಗೆಲ್ಲ ಬಚ್ಚಲ ಗೋಡೆ ಕಾಯಿಸಿಕೊಟ್ಟ ಪುಣ್ಯ ತಮ್ಮದೇ ಎಂದು ಅವಳಿಗೆ ನಗು ಬಂತು.

ಕೊಳವೆಯ ಕೆಲಸ ಸುಲಭವಾಗಿ ಮುಗಿಯಿತು. ಒಂದು ಬಾಗು ಕೊಟ್ಟು ಕೆಳಗಿಳಿಸಿದಳು. ಬಿಸಿನೀರು ತಾನಾಗಿ ಕೊಳವೆಯೊಳಕ್ಕೆ ಏರಿ ಆರುವುದು ನಿಂತಿತು. ಪಟ್ಟಿ ಮಾತ್ರ ಸತಾಯಿಸಿತು. ಪಟ್ಟಿಗೂ ಟ್ಯಾಂಕಿಗೂ ನಡುವೆ ಶಾಖ ಹರಿಯದ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಕೂರಿಸಿ, ನೀರು ತುಂಬಿಸಿ ತೂಗುಹಾಕಿದಾಗ ತುಂಡು ಸೀಳಿ ಬಳುಕಿ ದಢಾರನೆ ಕೆಳಗಿನ ಮರಳಿಗೆ ಬಿತ್ತು. ಸದ್ದಿಗೆ ಮೈದುನ ಓಡಿ ಬಂದ.

"ಇದು ಯಾರದಾದ್ರೂ ತಲೆ ಮೇಲೆ ಬಿದ್ದಿದ್ರೆ?"

"ಅದಕ್ಕೇ ಮರಳಿನ ಮೇಲೆ ಬೀಳಿಸಿದ್ದು. ಪ್ಲಾಸ್ಟಿಕ್ಕನ್ನ ಎಳೆದ್ರೆ ಹರಿಯುತ್ತೆ, ಒತ್ತಿದ್ರೆ ತಡ್ಕೊಳ್ಳುತ್ತೆ. ನಾನು ಎಳೆಯೋ ಕಡೆ ಇಟ್ಟಿದ್ದೆ, ತಪ್ಪು ನಂದೇ."

ಪಟ್ಟಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಟ್ಯಾಂಕಿನ ಭಾರವೆಲ್ಲ ತುಂಡಿನ ಮೇಲೆ ಕೂರುವಂತೆ ಮಾಡಿದಳು. ಟ್ಯಾಂಕಿನ ಮೂರು ಪಟ್ಟು ಭಾರ ಹೇರಿದರೂ ಅದು ಜಗ್ಗಲಿಲ್ಲ. ಅಂಟು ಹಾಕಿ ಮುಚ್ಚುತ್ತಿದ್ದ ತಳದ ಮುಚ್ಚಳಕ್ಕೆ, ರಿಪೇರಿಗೆ ಬಿಚ್ಚಲು ಬರುವಂತೆ, ಮಾಮೂಲಿ ತಿರುಪು ಹಾಕಿಸಿದಳು. ಫೋಮ್ ಬೆರಳಿನಷ್ಟೂ ದಪ್ಪವಾಗಲಿಲ್ಲ, ಬಳುಕಿ ಬಳುಕಿಯಾಗಿಯೇ ಉಳಿದಳು. ಹೊರಗಿನ ಪ್ರಯೋಗಾಲಯದಲ್ಲಿ ಅಳೆಸಿದಾಗ ಸೋರಿಕೆ ಮಿತಿಗಿಂತ ಆರಾಮಾಗಿ ಕೆಳಗಿತ್ತು.

ಅಷ್ಟರಲ್ಲಿ ಅರ್ಜಿಯ ವಿಚಾರಣೆಗೆ ಸಭೆ ಕರೆದರು. ಅತ್ತಿಗೆ, ಮೈದುನ ಇಬ್ಬರೂ ಹೋದರು. ಸಂಘದ ಅಧ್ಯಕ್ಷರು ದೊಡ್ಡ ಕಂಪನಿಯವರು. ಇದು ಆಗದ ಹೋಗದ ಮಾತು ಎಂದು ಗಂಟಲು ಏರಿಸಿ ವಾದಿಸಿದರು. ಎದುರಿಗೆ ಕುಳಿತ ಅಧಿಕಾರಿ ಹೆಂಗಸು, "ಎಲ್ಲರ ಅಭಿಪ್ರಾಯಾನೂ ಇದೇನಾ?" ಎಂದು ಕೇಳಿದರು.

ಅಳತೆಯಮ್ಮ ಏಳಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಮೈದುನನೇ ಎದ್ದ.

"ಮೇಡಂ, ಆ ಅರ್ಜಿಯಿಂದ ನನ್ನ ಹೆಸರು ತೆಗೆದುಬಿಡಿ. ಆಗಲ್ಲ ಅಂತ ಸೈನ್ ಹಾಕಿದಾಗ ನಾವಿನ್ನೂ ಮಾಡಿ ನೋಡಿರ್ಲಿಲ್ಲ. ಈಗ ಮಾಡಿದ್ದೀವಿ, ಆಗಿದೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ನಕ್ಕರು. "ಲ್ಯಾಬಿಗೆ ಅಂತ ಒಂದು ಪೀಸು ಯಾರು ಬೇಕಾದ್ರೂ ಮಾಡ್ತಾರೆ ಕಣಪ್ಪ."

"ನಮ್ಮ ಕಾರ್ಖಾನೆ ಲೈನಿನಲ್ಲಿ ಈಗ ಅದೇ ಓಡ್ತಿದೆ ಸರ್," ಎಂದು ಅವಳು ಎದ್ದು ನಿಂತಳು. "ಇಲ್ಲಿಂದ ನೇರ ಅಲ್ಲಿಗೇ ಹೋಗೋಣ. ಯಾವುದು ಬೇಕೋ ನೀವೇ ಆರಿಸ್ಕೊಳ್ಳಿ, ನೀವೇ ಅಳೆಸಿ."

ಅಧಿಕಾರಿ ಕನ್ನಡಕ ತೆಗೆದಿಟ್ಟು, "ನಾನೂ ಬರ್ತೀನಿ," ಎಂದರು. ಕಾರ್ಖಾನೆಯಲ್ಲಿ ಅಧ್ಯಕ್ಷರು ಸಾಲಿನ ನಡುವಿನಿಂದ ತಮಗೆ ತೋಚಿದ್ದನ್ನು ಆರಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ಅದೂ ಪಾಸಾಯಿತು. ನಿಯಮ ಮುಂದಕ್ಕೆ ಹೋಗಲಿಲ್ಲ; ಹೇಳಿದ ದಿನವೇ ಜಾರಿಗೆ ಬಂತು.

ಕೆಲವು ತಿಂಗಳ ಮೇಲೆ ಅಧಿಕಾರಿ ಫೋನು ಮಾಡಿದರು. ಮುಂದಿನ ಮಿತಿ ಎಷ್ಟಿರಬೇಕೆಂದು ಸಲಹೆ ಕೊಡುವ ಸಮಿತಿಗೆ ಅವಳು ಬರಬೇಕಂತೆ. ಅವಳು ತಕ್ಷಣ ಒಪ್ಪಿದಳು. ಕೇಳಿಸಿಕೊಳ್ಳುತ್ತಿದ್ದ ಮೈದುನ ತಲೆಯ ಮೇಲೆ ಕೈ ಹೊತ್ತ.

"ಅತ್ತಿಗೆ, ಮಿತಿ ಹಾಕೋವಾಗ ನಮ್ಮನ್ನೂ ಸ್ವಲ್ಪ ನೆನಪಿಟ್ಕೊಳ್ಳಿ."

"ನಿಮ್ಮನ್ನ ನೆನಪಿಟ್ಕೊಂಡೇ ಬಿಗಿ ಮಾಡ್ತೀನಿ," ಎಂದಳು ಅವಳು, "ಸಡಿಲ ಬಿಟ್ರೆ ನೀವೆಲ್ಲಿ ಕೆಲಸ ಮಾಡ್ತೀರಿ?"