ಬಾಗಿಲಲ್ಲಿ ನಿಂತ ಹಾಲು

ಮುಂದಿನ ಸೇತುವೆ ಕುಸಿದಿದೆ ಎಂದು ಕೇಳಿದ ಡ್ರೈವರ್ ಮಕ್ಕಳ ಆಸ್ಪತ್ರೆಯ ಗೇಟಿನ ಮುಂದೆ ಟ್ಯಾಂಕರ್ ನಿಲ್ಲಿಸಿದ. ಒಳಗಿದ್ದದ್ದು ಬೆಳಿಗ್ಗೆ ಅವನ ಊರಿನಲ್ಲೇ ಕರೆದ ಹಾಲು. ದಿನವೂ ಅದು ಹೊಳೆ ದಾಟಿ ಡೈರಿಗೆ ಹೋಗಬೇಕು, ಪ್ಯಾಕೆಟ್ ಸೇರಬೇಕು, ಮಾರನೆಯ ದಿನ ಇದೇ ರಸ್ತೆಯಲ್ಲಿ ಮರಳಿ ಬಂದು ಇದೇ ಗೇಟಿನಲ್ಲಿ ಇಳಿಯಬೇಕು. ಸುತ್ತಿ ಬಳಸಿ ಮೂಗು ಹಿಡಿಯುವುದಕ್ಕೆ ಈ ಡೈರಿಯವರಿಗೆ ಸಂಬಳ ಬೇರೆ!

ಇವತ್ತು ಪ್ಯಾಕೆಟ್ಟಿನ ಗಾಡಿ ಹೊಳೆಯ ಆಚೆಯೇ ಉಳಿದಿತ್ತು. ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಅವನ ಚಿಕ್ಕಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಏನೋ, ಬಾಗಿಲಲ್ಲಿ ಹಾಲು ನಿಲ್ಲಿಸ್ಕೊಂಡು ಆಕಾಶ ನೋಡ್ತಿದ್ದೀಯಲ್ಲ! ಒಳಗೆ ಮಕ್ಕಳು ಹಸಿದು ಅಳ್ತಿವೆ. ಎಷ್ಟು ಅಂತ ಬರೀ ಗಂಜಿನೀರು ಕುಡಿಸ್ಲಿ?"

"ಸೀಲ್ ಹಾಕಿದೆ ಚಿಕ್ಕಮ್ಮ. ಮುಟ್ಟಿದ್ರೆ ಕೆಲಸಕ್ಕೆ ಎಳ್ಳುನೀರು."

"ಕೇಳಿ ನೋಡು. ಬಾಯಿ ಇದೆ ತಾನೆ?"

ಅವನು ಡೈರಿಯ ಮ್ಯಾನೇಜರನಿಗೆ ಫೋನ್ ಹಚ್ಚಿ, ಆಸ್ಪತ್ರೆಯ ಮಕ್ಕಳಿಗೆ ಸ್ವಲ್ಪ ಹಾಲು ಕೊಡಲೇ ಎಂದು ಕೇಳಿದ.

"ಬೇಡ, ಅಲ್ಲೇ ಕಾಯಿ," ಎಂದ ಮ್ಯಾನೇಜರ್.

"ಸಾರ್, ಈ ಬಿಸಿಲಲ್ಲಿ ಸಂಜೆ ತನಕ ಇದ್ರೆ ಕೆಡುತ್ತೆ."

"ಕೆಟ್ರೆ ಚರಂಡಿಗೆ ಬಿಡು. ಅದಕ್ಕೆ ವಿಮೆ ಇದೆ. ಸೀಲ್ ಮುಟ್ಟಿದ್ರೆ ಮಾತ್ರ ನಾಳೆಯಿಂದ ಈ ಕಡೆ ಮುಖ ಹಾಕ್ಬೇಡ."

ಡ್ರೈವರನ ಅಂಗಾಲಿನ ಉರಿ ನೆತ್ತಿಗೇರಿತು. ಚರಂಡಿಗೆ ಬಿಡಬಹುದಂತೆ, ಮಕ್ಕಳ ಬಾಯಿಗೆ ಬಿಡಬಾರದಂತೆ! ಸೀಟಿನ ಕೆಳಗಿನಿಂದ ಇಕ್ಕಳ ತೆಗೆದ. ಟ್ಯಾಂಕರಿನ ಹಿಂದೆ ಹೋಗಿ ಸೀಲಿನ ತಂತಿಯನ್ನು ಕಚಕ್ಕನೆ ಕತ್ತರಿಸಿದ. ನಲ್ಲಿ ತಿರುಗಿಸಿ, ಮೊದಲು ಬಂದ ಹಾಲನ್ನೇ ಪಾತ್ರೆಗೆ ಹಿಡಿದು ಒಳಗೆ ಓಡಿದ.

"ಮೊದಲು ಕುದಿಸಿ ನೋಡೋಣ," ಎನ್ನುತ್ತ ಚಿಕ್ಕಮ್ಮ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಬಾಗಿಲಲ್ಲಿ ನರ್ಸ್ ಒಬ್ಬಳು ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಹಾಲು ಬಿಸಿಯಾಯಿತು, ಅಂಚಿನಲ್ಲಿ ನೊರೆ ಕಟ್ಟಿತು. ಆಮೇಲೆ ನಡುವೆ ನೀರು ಬಿಟ್ಟುಕೊಂಡು ಗಂಟುಗಂಟಾಯಿತು.

ಡ್ರೈವರ್ ಪಾತ್ರೆಗೆ ಬಗ್ಗಿ ನೋಡಿದ. ಕೆಲಸವೂ ಹೋಯಿತು, ಹಾಲೂ ಹೋಯಿತು.

"ಎಲ್ಲಿಂದ ಹಿಡಿದೆಯೋ ಇದನ್ನ?"

"ನಲ್ಲಿಯಿಂದ ಚಿಕ್ಕಮ್ಮ, ಇನ್ನೆಲ್ಲಿಂದ..." ಅಷ್ಟರಲ್ಲಿ ಅವನೇ ಹಣೆ ಚಚ್ಚಿಕೊಂಡ. ಟ್ಯಾಂಕಿಗೆ ದಪ್ಪ ಹೊದಿಕೆಯಿದೆ, ಹೊರಗೆ ಚಾಚಿದ ನಳಿಗೆಗೆ ಇಲ್ಲ. ಅದರೊಳಗೆ ನಿಂತ ಹಾಲು ಬಿಸಿಲಿಗೆ ಕಾದು ಕೆಟ್ಟುಹೋಗಿರುತ್ತದೆ. ಡೈರಿಯಲ್ಲಿ ದಿನಾ ಮೊದಲ ಬಕೆಟ್ಟನ್ನು ಬೇರೆ ಇಡುವುದು ಅದಕ್ಕೇ. ಸಿಟ್ಟಿನಲ್ಲಿ ಅವನ ಬುದ್ಧಿ ಮೇಯಲು ಹೋಗಿತ್ತು.

ಮತ್ತೆ ಓಡಿದ. ಒಂದು ಬಕೆಟ್ ಹಾಲನ್ನು ನೆಲಕ್ಕೆ ಬಿಟ್ಟ. ಆಮೇಲೆ ಬಂದ ಧಾರೆಯನ್ನು ಅಂಗೈಗೆ ಹಿಡಿದು ನೋಡಿದ, ತಣ್ಣಗಿತ್ತು. ಇನ್ನೊಂದು ಪಾತ್ರೆ ಒಲೆಗೇರಿತು. ಈ ಸಲ ಅವನು ಪಾತ್ರೆ ನೋಡಲಿಲ್ಲ, ಚಿಕ್ಕಮ್ಮನ ಮುಖವನ್ನೇ ನೋಡುತ್ತ ನಿಂತ.

ಹಾಲು ಒಡೆಯದೆ ಒಂದೇ ಸಮನೆ ಮೇಲೆದ್ದು ಬಂತು. ಅವಳು ಉರಿ ತಗ್ಗಿಸಿ, ನರ್ಸಿನ ಕಡೆ ತಲೆ ಆಡಿಸಿದಳು.

ಫೋನ್ ಬಡಿದುಕೊಂಡಿತು.

"ಸೀಲ್ ಹಾಗೇ ಇದೆ ತಾನೆ?"

"ಇಲ್ಲ ಸಾರ್. ಕತ್ತರಿಸಿದೆ."

ಆ ಕಡೆಯಿಂದ ಬಂದ ಬೈಗುಳ ಅಡುಗೆಮನೆಗೆಲ್ಲ ಕೇಳಿಸಿತು. ಅದು ಮುಗಿದ ಮೇಲೆ ಚಿಕ್ಕಮ್ಮ ತಿರುಗಿ ನೋಡಿದಳು.

"ಏನಂದ?"

"ಕೆಲಸ ಹೋಯ್ತು."

"ಹಾಗಾದ್ರೆ ಕೈ ಖಾಲಿ ಇದೆ," ಎಂದು ಅವಳು ಬಕೆಟ್ಟನ್ನು ಅವನ ಕಡೆ ತಳ್ಳಿದಳು. "ಮೇಲಿನ ವಾರ್ಡಿಗೆ ಇನ್ನೂ ಬೇಕು. ನಡಿ."