ಆಸರೆಗೆ ಬನ್ನಿ

ಕೊಪ್ಪದಿಂದ ನಾರ್ವೆ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಪೊಲೀಸ್ ಹೊರಠಾಣೆಗೆ ಆ ವರ್ಷ ಅನುದಾನ ಬಂತು. ಸಣ್ಣ ಠಾಣೆಗಳು ಸಲಕರಣೆ ಕೊಳ್ಳಲಿ, ಜನರಿಗೆ ಹತ್ತಿರವಾಗುವ ಕೆಲಸ ಮಾಡಲಿ ಎಂದು ಕೊಟ್ಟ ಹಣ. ಒಂದು ಕ್ಯಾಮೆರಾ, ಕಂಪ್ಯೂಟರ್ ಮತ್ತು ಸ್ಕೂಟರ್ ಬಂದವು. ಹಿಂಬದಿಯ ಕೋಣೆಗೆ ಸುಣ್ಣ ಬಳಿದು, ಬಾಗಿಲ ಮೇಲೆ ‘ಆಸರೆ’ ಎಂದು ಬರೆಸಿದರು. ನೊಂದ ಹೆಂಗಸರು ಬಂದು ಕೂತು ಹೇಳಿಕೊಳ್ಳಲು ಒಂದು ಜಾಗ.

ಆ ಕೋಣೆ ಬೇಕೆಂದು ಹಟ ಹಿಡಿದವಳು ಅಲ್ಲಿಯ ಹೆಡ್ ಕಾನ್ಸ್‌ಟೇಬಲ್ ಸುಮಯ್ಯ. ಠಾಣೆಯ ನಾಗರಿಕ ಸಮಿತಿಯಲ್ಲಿ ನನ್ನ ಹೆಸರೂ ಇದ್ದುದರಿಂದ ಅವಳು ಆಗಾಗ ನನ್ನ ಹತ್ತಿರ ಮಾತಾಡುತ್ತಿದ್ದಳು.

“ಒಬ್ಬರು ಗೇಟಿನ ತನಕ ಬಂದಿದ್ರು ಅಮ್ಮ. ಅಂಗಳದಲ್ಲಿ ಗಂಡಸರು ನಿಂತಿದ್ದನ್ನ ನೋಡಿ, ಸೆರಗು ಹೊದ್ಕೊಂಡು ವಾಪಸ್ ಹೋದ್ರು. ನಾನು ಎದ್ದು ಹೊರಗೆ ಬರೋದ್ರೊಳಗೆ ಬಸ್ ಹತ್ತಿ ಆಗಿತ್ತು.”

ಕೋಣೆ ಸಿದ್ಧವಾಯಿತು, ಆದರೆ ಯಾರೂ ಬರಲಿಲ್ಲ. ನಮ್ಮ ಕಡೆ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿದರೆ, ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಮಾರ್ಚ್ ಕೊನೆಗೆ ಜಿಲ್ಲೆಯಿಂದ ತಪಾಸಣೆ ಬರುವುದಿತ್ತು. ಕೋಣೆ ಬಳಕೆಯಾಗದಿದ್ದರೆ ಅನುದಾನ ಅಲ್ಲಿಗೇ ನಿಲ್ಲುತ್ತದೆ. ಜಪ್ತಿ ಮಾಡಿದ ಮರದ ದಿಮ್ಮಿ, ತುಕ್ಕು ಹಿಡಿದ ಬೈಕುಗಳು ಮತ್ತೆ ಒಳಗೆ ಬರುತ್ತವೆ, ಸುಮಯ್ಯ ಮತ್ತೆ ಬಂದೋಬಸ್ತಿಗೆ ಹೋಗುತ್ತಾಳೆ.

ಕೊನೆಗೆ ಸಲೀಮನ ಆಟೋಗೆ ಮೈಕ್ ಕಟ್ಟಿಸಿದರು. “ನೊಂದ ಮಹಿಳೆಯರೇ, ಪೊಲೀಸ್ ಠಾಣೆಯ ಆಸರೆಗೆ ಬನ್ನಿ! ಆಸರೆಗೆ ಬನ್ನಿ!” ಎಂದು ಅವನು ಊರೂರು ಸುತ್ತಿದ. ಒಂದು ಮನೆಯ ಮುಂದೆ ಚಪ್ಪಲಿಗಳ ರಾಶಿ ನೋಡಿ, ಸಾವಿನ ಮನೆಯಿರಬೇಕೆಂದು ಮೈಕ್ ಆರಿಸಿ ಮೆಲ್ಲಗೆ ದಾಟಿದನಂತೆ. ಅಷ್ಟು ಸೂಕ್ಷ್ಮದ ಹುಡುಗ. ಆದರೆ ಅವನ ಮೈಕ್ ಮಾತ್ರ ಗೊರಗೊರ ಎನ್ನುತ್ತಿತ್ತು.

ಮರುದಿನ ನಾನು ಠಾಣೆಯಲ್ಲಿದ್ದಾಗ ವೆಂಕಮ್ಮ ಬಂದರು. ನನ್ನದೇ ವಯಸ್ಸಿನವರು, ಪೇಟೆಗೆ ಬಂದರೆ ನಾಲ್ಕು ಜನರನ್ನು ಮಾತಾಡಿಸದೆ ಹೋಗುವವರಲ್ಲ. ನೇರ ಒಳಗೆ ಬಂದು ಕುರ್ಚಿಯಲ್ಲಿ ಕೂತರು.

“ಎಲ್ಲಿ, ತಗಂಡು ಬಾ.”

ಸುಮಯ್ಯ ಎದ್ದು ನಿಂತಳು. “ಏನು ಅಮ್ಮ?”

“ಎಂತ ಕೂಸೆ, ಊರಿಗೆಲ್ಲ ಮೈಕಲ್ಲಿ ಆಸರಿಗೆ ಕೊಡ್ತೀವಿ ಬನ್ನಿ ಅಂತ ಕರೆದು, ಈಗ ಏನು ಅಂತ ಕೇಳ್ತೀಯಲ್ಲ! ಬಿಸಿಲಲ್ಲಿ ನಡೆದು ಬಂದಿದೀನಿ ಮಾರಾಯ್ತಿ.”

ನನಗೆ ನಗು ತಡೆಯಲಾಗಲಿಲ್ಲ. ವೆಂಕಮ್ಮನಂಥ ಹವ್ಯಕ ಬ್ರಾಹ್ಮಣರ ಮನೆಮಾತಿನಲ್ಲಿ ಆಸರಿಗೆ ಎಂದರೆ ಬಾಯಾರಿಕೆಗೆ ಕೊಡುವ ಪಾನಕ, ಮಜ್ಜಿಗೆ. ಮನೆಗೆ ಯಾರೇ ಬರಲಿ, ಮೊದಲು ಕೇಳುವುದು ಅದನ್ನೇ. ಸಲೀಮನ ಮೈಕಿನ ಗೊರಗೊರದಲ್ಲಿ ಆಸರೆಗೆ ಹೋಗಿ ಆಸರಿಗೆಯಾಗಿತ್ತು. ನಾನು ತಿದ್ದಬೇಕೆಂದು ಬಾಯಿ ತೆರೆದೆ. ಸುಮಯ್ಯ ಕಣ್ಣಿನಲ್ಲೇ ಬೇಡವೆಂದಳು.

ಅವಳ ಬುತ್ತಿಯ ಚೀಲದಲ್ಲಿ ಕಾಮಕಸ್ತೂರಿ ಬೀಜ ಹಾಕಿದ ನಿಂಬೆ ಶರಬತ್ತಿನ ಬಾಟಲಿಯಿತ್ತು. ಲೋಟ ತೊಳೆದು ತಂದವಳು ಒಂದು ಕ್ಷಣ ತಡೆದಳು. “ಅಮ್ಮ, ಇದು ನಮ್ಮ ಮನೇಲಿ ಮಾಡಿದ್ದು. ಬೇಡಾಂದ್ರೆ ಅಂಗಡಿಯಿಂದ ಏನಾದ್ರೂ ತರಿಸ್ತೀನಿ.”

“ಪೊಲೀಸರ ಕೈಯಿಂದ ಕುಡಿಯೋಕೇ ಒಪ್ಪಿಯಾಗಿದೆ. ಇನ್ನು ಉಳಿದದ್ದು ಎಂತ? ಕೊಡು ಇಲ್ಲಿ,” ಎಂದು ವೆಂಕಮ್ಮ ಲೋಟ ಖಾಲಿ ಮಾಡಿದರು. ಆಮೇಲೆ ಹಲ್ಲಿಗೆ ಸಿಕ್ಕಿದ ಬೀಜ ಏನು, ಎಲ್ಲಿ ಸಿಗುತ್ತದೆ ಎಂದು ಕೇಳಿ ತಿಳಿದುಕೊಂಡು ಹೋದರು.

ಹೋದವರು ಸುಮ್ಮನಿರಲಿಲ್ಲ. ಠಾಣೆಯಲ್ಲಿ ಒಳ್ಳೆಯ ಆಸರಿಗೆ ಕೊಡುತ್ತಾರೆಂದು ಬಸ್ಸಿನಲ್ಲೆಲ್ಲ ಹೇಳಿದರು. ಎರಡು ದಿನ ಬಿಟ್ಟು ಇಬ್ಬರು ಬಂದರು, ಆಮೇಲೆ ಇನ್ನೊಬ್ಬರು. ಯಾರಾದರೂ ದಾರಿಯಲ್ಲಿ ತಡೆದು ಕೇಳಿದರೆ, “ಬಿಸಿಲು ಮಾರಾಯ್ರೆ, ಆಸರಿಗೆ ಕುಡಿಯೋಕೆ ಹೋಗಿದ್ದೆ,” ಎಂದರೆ ಮುಗಿಯಿತು. ನಾಚಿಕೆಯ ಮಾತೇ ಇಲ್ಲ. ಸುಮಯ್ಯ ದಿನವೂ ದೊಡ್ಡ ಬಾಟಲಿ ತರತೊಡಗಿದಳು. ವೆಂಕಮ್ಮ ತಮ್ಮ ಮನೆಯಿಂದ ಮಜ್ಜಿಗೆ ಕಳಿಸಿದರು.

ಸುಮಯ್ಯನಿಗೆ ಬೇಗನೆ ಒಂದು ಅಂದಾಜು ಸಿಕ್ಕಿತು. ಬಿಸಿಲಿಗೆ ಬಂದವರು ಗಟಗಟ ಕುಡಿದು ಹರಟೆ ಹೊಡೆಯುತ್ತಾರೆ. ಕೆಲವರು ಲೋಟ ಹಿಡಿದುಕೊಂಡೇ ಕೂತಿರುತ್ತಾರೆ, ಕುಡಿಯುವುದಿಲ್ಲ. ಆಗ ಅವಳು ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ, ಕಾಯುತ್ತಿದ್ದಳು.

ತಪಾಸಣೆಗೆ ಬಂದ ಅಧಿಕಾರಿಯ ಹೆಸರು ಪ್ರದೀಪ. ಚುರುಕಿನ ಮನುಷ್ಯ. ಕ್ಯಾಮೆರಾ ನೋಡಿ, ಕಂಪ್ಯೂಟರ್ ನೋಡಿ ಕೋಣೆಯೊಳಗೆ ಬಂದರು. ನಾನೂ ವೆಂಕಮ್ಮನೂ ಅಲ್ಲೇ ಇದ್ದೆವು. ಮೇಜಿನ ಮೇಲಿನ ಲೋಟಗಳ ಸಾಲು ನೋಡಿ ಅವರ ಹುಬ್ಬು ಗಂಟಾಯಿತು.

“ಏನಮ್ಮ ಇದು? ಸರ್ಕಾರದ ಅನುದಾನದಾಗ ಶರಬತ್ತಿನ ಅಂಗಡಿ ಇಟ್ಟೀರೇನು?”

“ನಿಂಬೆಹಣ್ಣು ನಮ್ಮ ಮನೇದು ಸರ್,” ಎಂದಳು ಸುಮಯ್ಯ.

“ಅದಲ್ಲ ನಾ ಕೇಳಿದ್ದು. ಇಲ್ಲಿ ಕೆಲಸ ಏನು ನಡೀತದ, ಅದನ್ನ ತೋರಿಸ್ರಿ. ಇಲ್ಲಾಂದ್ರ ನಾ ಏನಂತ ಬರೀಲಿ?”

ಆಗಲೇ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಅರ್ಪಣಾ. ಕೊಪ್ಪದ ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕಿರುವವಳು. ಸೆಕೆಯಲ್ಲೂ ಉದ್ದ ತೋಳಿನ ಚೂಡಿದಾರ ಹಾಕಿದ್ದಳು. ವೆಂಕಮ್ಮ “ಬಾ ಬಾ” ಎಂದು ಲೋಟ ಕೈಗಿತ್ತರು. ಅವಳು ಹಿಡಿದು ಕೂತಳು. ಅಧಿಕಾರಿ ಅವಳ ಕಡೆ ನೋಡದೆ ಸ್ಕೂಟರಿನ ವಿಷಯ ಕೇಳುತ್ತಿದ್ದರು. ಲೋಟ ಅವಳ ಮಡಿಲಲ್ಲಿ ಹಾಗೇ ಇತ್ತು.

ಸುಮಯ್ಯ ಅದನ್ನು ನೋಡಿದಳು. ನಾನು ಸುಮಯ್ಯನನ್ನು ನೋಡಿದೆ.

“ಸರ್, ನೀವು ಸ್ವಲ್ಪ ಹೊರಗೆ ಕೂತ್ಕೋಬೇಕು.”

“ನಾ ತಪಾಸಣೆಗೆ ಬಂದೀನಿ.”

“ಗೊತ್ತು ಸರ್. ಏನು ಬೇಕಾದ್ರೂ ಬರೀರಿ. ಈಗ ಮಾತ್ರ ಹೊರಗೆ ಕೂತ್ಕೊಳ್ಳಿ.”

ಅವಳ ಧ್ವನಿ ಏರಲಿಲ್ಲ. ಆದರೆ ಬೆರಳುಗಳು ಬೆಲ್ಟನ್ನು ಗಟ್ಟಿಯಾಗಿ ಹಿಡಿದಿದ್ದವು. ಮೇಲಧಿಕಾರಿಯನ್ನು ಹೊರಗೆ ಕಳಿಸಿದ ಮೇಲೆ ಕೋಣೆ ಉಳಿಯುತ್ತದೆಂಬ ಆಸೆ ನನಗಂತೂ ಇರಲಿಲ್ಲ. ಪ್ರದೀಪ ಅವಳನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ ಹೊರನಡೆದರು. ನಾವಿಬ್ಬರೂ ಎದ್ದೆವು. ಬಾಗಿಲು ಮುಚ್ಚಿತು.

ಹೊರಗೆ ಒಂದೇ ಬೆಂಚು. ಮೂವರೂ ಅದರ ಮೇಲೆ ಕೂತೆವು.

“ನಿಮ್ಮದು ಯಾವೂರು?” ವೆಂಕಮ್ಮ ಕೇಳಿದರು.

“ಹಾವೇರಿ ಕಡೆ.”

“ಮದುವೆ ಆಗಿದ್ಯ?”

“ಆಗೇದ್ರಿ.”

“ಹಂಗಾದ್ರೆ ಹೆಂಗಸರು ಹೊರಗೆ ಹಾಕೋದು ಅಭ್ಯಾಸ ಇರ್ಬೇಕು, ಬಿಡಿ.”

ಪ್ರದೀಪ ನಗಬಾರದೆಂದು ನೋಡಿದರು, ಆಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಳು ಕೇಳಿತು. ನಗು ನಿಂತಿತು. ಜೀಪಿನ ಚಾಲಕ, ಸಾಹೇಬರು ಹೊರಟರೆಂದು ತಿಳಿದು ಇಂಜಿನ್ ಶುರು ಮಾಡಿದ. ಪ್ರದೀಪ ಕೈಸನ್ನೆಯಿಂದ ಆರಿಸಲು ಹೇಳಿದರು. ಆಮೇಲೆ ಒಳಗಿನ ಮಾತು ಕಿವಿಗೆ ಬೀಳದಂತೆ ಬೆಂಚಿನ ಆ ತುದಿಗೆ ಸರಿದು ಕೂತರು. ಜಾಗ ಸಾಲದೆ ಅರ್ಧ ಮೈ ಹೊರಗೇ ಇತ್ತು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಅರ್ಪಣಾಳ ಚೂಡಿದಾರದ ತೋಳು ಮೊಣಕೈ ತನಕ ಮಡಚಿತ್ತು. ಅಲ್ಲಿಯ ಕಲೆಗಳು ನಮಗೆಲ್ಲ ಕಂಡವು.

“ಸರ್, ಇವರನ್ನ ಈಗಲೇ ಕೊಪ್ಪದ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ದೂರು ಕೊಡ್ತಾರಂತೆ. ಸ್ಕೂಟರ್ ನೀವು ಇನ್ನೂ ನೋಡಿಲ್ಲ...”

“ಹೋಗ್ರಿ. ಅದು ಓಡ್ತದೋ ಇಲ್ಲೋ ನೋಡ್ತೀನಿ.”

ಸ್ಕೂಟರ್ ಓಡಿತು. ಹಿಂದೆ ಕೂತ ಹುಡುಗಿ ಸುಮಯ್ಯನ ಭುಜ ಹಿಡಿದಿದ್ದಳು. ಅವರು ತಿರುವಿನಲ್ಲಿ ಮರೆಯಾಗುವ ತನಕ ಪ್ರದೀಪ ಅಂಗಳದಲ್ಲೇ ನಿಂತಿದ್ದರು. ಆಮೇಲೆ ಖಾಲಿ ಕೋಣೆಯ ಕಡೆ ತಿರುಗಿದರು.

“ಈಗ ಯಾರಾದ್ರೂ ಬಂದ್ರ ಏನ್ ಮಾಡ್ತಾರ?” ಎಂದು ನನ್ನನ್ನು ಕೇಳಿದರು.

“ಕಾಯ್ತಾರೆ. ಇಲ್ಲಾಂದ್ರೆ ವಾಪಸ್ ಹೋಗ್ತಾರೆ.”

“ಒಬ್ಬರಿಂದ ಆಗೂದಿಲ್ಲ. ಕೋಣೆ ಮುಂದಿನ ವರ್ಷಾನೂ ಇರ್ಲಿ ಅಂತ ಬರೀತೀನ್ರಿ. ಜೊತೆಗೆ ಇನ್ನೊಬ್ಬ ಮಹಿಳಾ ಸಿಬ್ಬಂದಿ ಬೇಕು ಅಂತ ಕೇಳ್ತೀನಿ. ಕೊಡ್ತಾರೋ ಇಲ್ಲೋ, ಕೇಳೂದಂತೂ ಕೇಳ್ತೀನಿ.”

ಶೃಂಗೇರಿ ಕಡೆಯ ಬಸ್ಸು ಬಂದು ನಿಂತಿತು. ಇಬ್ಬರು ಹೆಂಗಸರು ಇಳಿದು ಗೇಟಿನ ಹತ್ತಿರ ಬಂದರು. ಅಂಗಳದ ಮಧ್ಯೆ ನಿಂತಿದ್ದ ಅಧಿಕಾರಿಯನ್ನು ಕಂಡು ಒಬ್ಬಳು ಇನ್ನೊಬ್ಬಳ ಕೈ ಎಳೆದಳು. ಪ್ರದೀಪ ಅದನ್ನು ಗಮನಿಸಿದರು. ಬೇರೆ ಏನೋ ನೆನಪಾದವರಂತೆ ನಿಧಾನವಾಗಿ ನಡೆದು ಜೀಪಿನ ಆಚೆ ಬದಿಗೆ ಹೋಗಿ, ರಸ್ತೆಗೆ ಮುಖ ಮಾಡಿ ನಿಂತುಬಿಟ್ಟರು.

ವೆಂಕಮ್ಮ ಆಗಲೇ ಎದ್ದು ಗೇಟಿನ ಕಡೆ ಹೊರಟಿದ್ದರು.